ನೋಡುವ ಕಾಳಗ, ಆಡುವ ಕಾಳಗ

ಕಾಳಗದ ಬಗ್ಗೆ ಒಂದು ತಪ್ಪು ಉಪದೇಶ ನಮ್ಮ ಹುಡುಗರ ನಡುವೆ ಹಬ್ಬಿದೆ. ಹೇಳುವವರು ಜಾಣರು, ಕೇಳುವವರು ಉತ್ಸಾಹಿಗಳು. ಹೀಗಾಗಿ ಅದನ್ನು ತಡೆದು ಪ್ರಶ್ನಿಸಿದವರು ಕಡಿಮೆ.

ಓದಲು, ದುಡಿಯಲು ಬೆಂಗಳೂರಿಗೆ ಹೋದವರು ಅಲ್ಲಿನ ಹಾಸ್ಟೆಲ್ ಕೋಣೆಗಳಲ್ಲಿ, ಬೋರ್ಡ್‌ಗೇಮ್ ಕೆಫೆಗಳಲ್ಲಿ ರೋಲ್‌ಪ್ಲೇ ಆಟ ಕಲಿಯುತ್ತಾರೆ. ಹಬ್ಬಕ್ಕೆ ಊರಿಗೆ ಬರುವಾಗ ಇಪ್ಪತ್ತು ಮುಖದ ದಾಳ ಅವರ ಚೀಲದಲ್ಲಿರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಮೇಡ್ಲೇರಿಯಂಥ ಊರಿನ ಪಡಸಾಲೆಗೂ ಆ ಆಟ ಬಂದದ್ದು ಹೀಗೆಯೇ. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಒಬ್ಬ ಗೇಮ್ ಮಾಸ್ಟರ್ ಇರುತ್ತಾನೆ, ಸನ್ನಿವೇಶ ಹೇಳುವುದು ಅವನ ಕೆಲಸ. ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿಯುತ್ತಾರೆ. ‘ನಾನು ಹೀಗೆ ಮಾಡುತ್ತೇನೆ’ ಎಂದು ಬಾಯಲ್ಲಿ ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ವೇಷವಿಲ್ಲ, ರಂಗವಿಲ್ಲ, ಪರದೆಯಿಲ್ಲ. ಮಾತು ಮತ್ತು ದಾಳ, ಅಷ್ಟೇ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದ ಮೇಲೆ ಇದು ಜಗತ್ತಿಗೆಲ್ಲ ಹರಡಿತು.

ದಾಳದ ಜೊತೆಗೇ ಬಂದ ಉಪದೇಶ ಇದು: ನಿನ್ನ ಆಟದಲ್ಲಿ ಹೊಡೆದಾಟ ಸಪ್ಪೆಯಾಗುತ್ತಿದೆಯೇ? ಅಭಿಮಾನಿಗಳು ಕಂಪ್ಯೂಟರಿನಲ್ಲಿ ಮಾಡಿದ ಅನಿಮೇಷನ್ ಫೈಟುಗಳನ್ನು ನೋಡು. ಗೋಡೆಯ ಮೇಲೆ ಓಡುವುದು, ಗಾಳಿಯಲ್ಲಿ ತಿರುಗಿ ಕತ್ತಿ ಎಸೆಯುವುದು, ಬೀಳುತ್ತಿರುವ ಕಂಬದಿಂದ ಕಂಬಕ್ಕೆ ನೆಗೆಯುವುದು, ಇವನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಬಾ, ಟೇಬಲ್ ಮುಂದೆ ಕೂತು ಅದನ್ನೇ ಬಾಯಲ್ಲಿ ಹೇಳು, ಕಾಳಗ ರಂಗೇರುತ್ತದೆ. ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ಆ ಫೈಟುಗಳಿಂದ ಟೇಬಲಿನ ಕಾಳಗಕ್ಕೆ ದಕ್ಕುವುದು ಬಹಳ ಕಡಿಮೆ, ಕೆಡುವುದು ಬಹಳ. ಕಾಳಗಕ್ಕೆ ಜೀವ ಬರುವುದು ಪಣದಿಂದ ಮತ್ತು ನಿರ್ಧಾರದಿಂದ. ಆ ವಿಡಿಯೊಗಳಲ್ಲಿ ಈ ಎರಡೂ ನೋಡುಗನ ಕೈಯಲ್ಲಿರುವುದಿಲ್ಲ.

ಆ ಕಲೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಚೀನಾದ ಝು ಝಿಚಿಯಾಂಗ್ 2000ದ ಸುಮಾರಿಗೆ ‘ಶಿಯಾವ್ ಶಿಯಾವ್’ ಸರಣಿಯಲ್ಲಿ ಬರೀ ಕಡ್ಡಿ ಮನುಷ್ಯರನ್ನಿಟ್ಟುಕೊಂಡು ಮಾಡಿದ ಹೊಡೆದಾಟವನ್ನು ಇಂಟರ್‌ನೆಟ್ ಕಂಡ ಅರ್ಧ ಜಗತ್ತು ನೋಡಿತು. ಮಾಂಟಿ ಔಮ್ 2007ರಲ್ಲಿ ‘ಹೇಲಾಯ್ಡ್’ ಮಾಡಿದ, ಅದೇ ವರ್ಷ ‘ಡೆಡ್ ಫ್ಯಾಂಟಸಿ’ ಶುರುಮಾಡಿದ. ಎರಡು ಬೇರೆಬೇರೆ ವಿಡಿಯೊ ಗೇಮುಗಳ ನಾಯಕಿಯರನ್ನು ಎದುರುಬದುರು ನಿಲ್ಲಿಸಿ ಉಸಿರು ಬಿಡಲು ಬಿಡುವಿಲ್ಲದ ಹಾಗೆ ಹೊಡೆದಾಡಿಸಿದ. ಆ ಕೈಚಳಕವೇ ಅವನನ್ನು ವೃತ್ತಿಗೆ ತಂದು, 2013ರಲ್ಲಿ ‘ರೂಬಿ’ ಎಂಬ ಸರಣಿ ಕಟ್ಟಿಸಿತು. 2015ರಲ್ಲಿ, ಮೂವತ್ಮೂರರ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಅತ್ತವರು ಊರೂರಲ್ಲಿದ್ದರು. ಇವೆಲ್ಲ ದೊಡ್ಡ ಕೆಲಸಗಳು. ‘ರೂಬಿ’ಗೆ ಮುಂಚಿನವು ಕಂಪನಿಯ ದುಡ್ಡಿಲ್ಲದೆ, ಪ್ರೀತಿಯೊಂದರಿಂದಲೇ ಆದವು. ನನ್ನ ತಕರಾರು ಅವನ್ನು ಮಾಡಿದವರ ಮೇಲಲ್ಲ, ಅವನ್ನು ತಂದು ಟೇಬಲಿಗೆ ಪಠ್ಯಪುಸ್ತಕ ಮಾಡಿದವರ ಮೇಲೆ.

ಅವರ ವಾದದ ಗಟ್ಟಿ ಭಾಗವನ್ನು ಮೊದಲು ಒಪ್ಪಿಕೊಳ್ಳೋಣ. ಟೇಬಲಿನ ಕಾಳಗ ಬೇಸರ ತರಿಸುವುದು ನಿಜ. ‘ಹೊಡೆದೆ. ಹದಿನಾಲ್ಕು. ತಾಗಿತು. ಏಳು ಪೆಟ್ಟು. ಮುಂದಿನವರು.’ ಇದೇ ಹಾಡು ಮುಕ್ಕಾಲು ತಾಸು ನಡೆದರೆ ಯಾರಾದರೂ ಮೊಬೈಲ್ ತೆಗೆಯುತ್ತಾರೆ. ನಾಚಿಕೆಯ ಹುಡುಗನಿಗೆ ಒಂದಿಷ್ಟು ದೃಶ್ಯ ತೋರಿಸಿದರೆ ಅವನ ಬಾಯಿ ಬಿಚ್ಚುತ್ತದೆ ಎಂಬುದೂ ಸುಳ್ಳಲ್ಲ. ರೋಗ ಇದೆ. ಆದರೆ ಕೊಟ್ಟ ಮದ್ದು ಆ ರೋಗದ್ದಲ್ಲ.

ಮೊದಲು ಕಾಲದ ಲೆಕ್ಕ ನೋಡಿ. ಅನಿಮೇಷನ್ ಮಾಡುವವನು ವಾರಗಟ್ಟಲೆ ಕೂತು ಕೆಲವೇ ಸೆಕೆಂಡುಗಳ ಓಟ ತಯಾರಿಸುತ್ತಾನೆ. ನೋಡುವವನ ಎದೆ ಹೊಡೆದುಕೊಳ್ಳುವುದು ಆ ಓಟಕ್ಕೆ. ಟೇಬಲಿನಲ್ಲಿ ನಡೆಯುವುದು ಇದರ ತಿರುಗುಮುರುಗು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಐದನೆಯ ಆವೃತ್ತಿಯ ನಿಯಮದ ಪ್ರಕಾರ ಕಾಳಗದ ಒಂದು ಸುತ್ತು ಎಂದರೆ ಸುಮಾರು ಆರು ಸೆಕೆಂಡು. ಐದು ಜನ ಕೂತು ಆ ಆರು ಸೆಕೆಂಡನ್ನು ಆಡಿ ಮುಗಿಸಲು ಹತ್ತು ನಿಮಿಷವೂ ಬೇಕು, ಇಪ್ಪತ್ತೂ ಬೇಕು. ಕಣ್ಣಿಗೆ ಮಿಂಚಿನಂತೆ ಹಾದುಹೋದ ಪಲ್ಟಿಯನ್ನು ಬಾಯಲ್ಲಿ ಹೇಳಲು ಹೊರಟರೆ ಅದು ಐದು ವಾಕ್ಯ ಬೇಡುತ್ತದೆ. ‘ನಾನು ಬಲಗಾಲನ್ನು ಕಂಬಕ್ಕೆ ಒದ್ದು, ಹಿಂದಕ್ಕೆ ತಿರುಗಿ, ಅವನ ತಲೆಯ ಮೇಲಿಂದ ಹಾರಿ…’ ಎನ್ನುವಷ್ಟರಲ್ಲಿ ವೇಗ ಸತ್ತಿರುತ್ತದೆ. ವೇಗವೇ ಬಂಡವಾಳವಾದ ಕಲೆಯನ್ನು ವೇಗವೇ ಇಲ್ಲದ ಮಾಧ್ಯಮಕ್ಕೆ ತಂದರೆ ಉಳಿಯುವುದು ಉದ್ದ ಮಾತ್ರ. ಬೇಸರ ಹೋಗಲೆಂದು ಮಾಡಿದ ಉಪಾಯ ಬೇಸರಕ್ಕೆ ಇನ್ನಷ್ಟು ಹೊತ್ತು ಸೇರಿಸುತ್ತದೆ.

ಎರಡನೆಯದು ನಿರ್ಧಾರದ ಮಾತು. ವಿಡಿಯೊದಲ್ಲಿ ಯಾರು ಗೆಲ್ಲುತ್ತಾರೆಂದು ಮಾಡಿದವನಿಗೆ ಮೊದಲ ಚಿತ್ರ ಬರೆಯುವಾಗಲೇ ಗೊತ್ತು. ಕತ್ತಿ ಕುತ್ತಿಗೆಯ ಕೂದಲೆಳೆಯ ಅಂತರದಲ್ಲಿ ಹಾದುಹೋಗುವುದು ಅವನು ಹಾಗೆ ಬರೆದದ್ದರಿಂದ. ನಮ್ಮ ಪಾಲಿಗೆ ಉಳಿದದ್ದು ಬೆರಗು. ಟೇಬಲಿನಲ್ಲಿ ಮಾತ್ರ ಯಾರಿಗೂ, ಗೇಮ್ ಮಾಸ್ಟರಿಗೂ ಕೊನೆ ಗೊತ್ತಿಲ್ಲ. ಈ ಗೊತ್ತಿಲ್ಲದಿರುವಿಕೆಯೇ ಆಟದ ಆಸ್ತಿ. ಗಾಯಗೊಂಡ ಗೆಳೆಯನನ್ನು ಎಳೆದುಕೊಂಡು ಓಡಲೇ, ಇಲ್ಲೇ ನಿಂತು ಇನ್ನೊಂದು ಏಟು ಹಾಕಲೇ? ಹೀಗೆ ತೂಗಿ ನೋಡುವ ಕ್ಷಣದಲ್ಲಿ ಐದೂ ಜನ ಉಸಿರು ಹಿಡಿಯುತ್ತಾರೆ. ವಿಡಿಯೊ ನೋಡಿ ಬಂದ ಗೇಮ್ ಮಾಸ್ಟರ್ ಈ ಕ್ಷಣವನ್ನೇ ಕಸಿಯುತ್ತಾನೆ. ತಲೆಯಲ್ಲಿ ಅವನಿಗೆ ಒಂದು ದೃಶ್ಯ ಸಿದ್ಧವಾಗಿದೆ: ಸೇತುವೆ ಕುಸಿಯಬೇಕು, ಖಳ ನಗುತ್ತಾ ಹಾರಿಹೋಗಬೇಕು. ಆಟಗಾರರು ಸೇತುವೆ ಹತ್ತದೆ ಹೊಳೆಗೆ ಇಳಿದರೆ ಅವನಿಗೆ ಕಸಿವಿಸಿ. ಹೇಗಾದರೂ ಮಾಡಿ ಅವರನ್ನು ಸೇತುವೆಗೆ ಹತ್ತಿಸುತ್ತಾನೆ. ಆಗ ದಾಳ ಉರುಳುವುದು ಶಾಸ್ತ್ರಕ್ಕೆ. ಆಟಗಾರರು ಪಾತ್ರಧಾರಿಗಳಾಗಿ ಬಂದು ಪ್ರೇಕ್ಷಕರಾಗಿ ಕೂರುತ್ತಾರೆ.

ಮೂರನೆಯದು ಪರಿಣಾಮವಿಲ್ಲದ ಬಣ್ಣನೆ. ಪಲ್ಟಿ ಹೊಡೆದು ಕಡಿದರೂ ಏಳೇ ಪೆಟ್ಟು, ನಿಂತಲ್ಲೇ ಕಡಿದರೂ ಏಳೇ ಪೆಟ್ಟು ಎಂದಾದರೆ ಪಲ್ಟಿ ಯಾಕೆ? ಎರಡನೆಯ ವಾರಕ್ಕೇ ಹುಡುಗರಿಗೆ ಇದು ತಿಳಿದುಹೋಗುತ್ತದೆ. ಆಟವನ್ನು ಕಟ್ಟಿದವರಿಗೂ ಇದು ತಿಳಿದಿತ್ತು. ಗೈಗ್ಯಾಕ್ಸ್ 1979ರಲ್ಲಿ ಗೇಮ್ ಮಾಸ್ಟರುಗಳಿಗಾಗಿ ಬರೆದ ಕೈಪಿಡಿಯಲ್ಲಿ ಕಾಳಗದ ಒಂದು ಸುತ್ತಿಗೆ ಪೂರ್ತಿ ಒಂದು ನಿಮಿಷ ಕೊಟ್ಟಿದ್ದ. ಆ ನಿಮಿಷದಲ್ಲಿ ಹುಸಿ ಏಟು, ತಡೆ, ಹಿಂಜರಿತ, ಮುನ್ನುಗ್ಗು ಎಲ್ಲ ನಡೆದಿರುತ್ತವೆ. ದಾಳದ ಒಂದು ಉರುಳು ಅಷ್ಟನ್ನೂ ಒಟ್ಟಿಗೆ ಹೇಳುತ್ತದೆ. ಏಟು ಏಟಿಗೂ ಲೆಕ್ಕ ಇಡುವುದು ಬೇಡ ಎಂದು ಬೇಕೆಂದೇ ತೀರ್ಮಾನಿಸಿದ್ದ ಅವನು. ಪಾತ್ರ ಇನ್ನೆಷ್ಟು ಪೆಟ್ಟು ತಾಳುತ್ತದೆ ಎಂದು ಹೇಳುವ ಪ್ರಾಣಾಂಕದಲ್ಲಿ ಬರೀ ಮಾಂಸ, ರಕ್ತದ ಲೆಕ್ಕವಿಲ್ಲ. ಚಾಕಚಕ್ಯ, ಅದೃಷ್ಟವೂ ಅದರಲ್ಲಿ ಸೇರಿವೆ ಎಂದು ವಿವರಿಸಿದ್ದವನೂ ಅವನೇ. ಏಟುಗಳ ಸಾಲನ್ನು ತೋರಿಸಬೇಕೆಂಬ ಇಂದಿನ ಹಟಕ್ಕೆ ಆಟದ ಹಳೆಯ ನಿಯಮಗಳಲ್ಲೇ ಬೇರಿಲ್ಲ.

ಇನ್ನೂ ಹಿಂದೆ ಹೋದರೆ ಸ್ವಾರಸ್ಯವಾದ ಸಂಗತಿಯೊಂದಿದೆ. 1969ರಲ್ಲಿ ಡೇವಿಡ್ ವೆಸ್ಲಿ ಎಂಬಾತ ತನ್ನ ಗೆಳೆಯರಿಗಾಗಿ ನೆಪೋಲಿಯನ್ ಕಾಲದ ಒಂದು ಯುದ್ಧದಾಟ ಏರ್ಪಡಿಸಿದ. ಬ್ರೌನ್‌ಸ್ಟೈನ್ ಎಂಬುದು ಅದರಲ್ಲಿನ ಕಲ್ಪಿತ ಊರು. ಸೇನಾಪತಿಗಳ ಜೊತೆಗೆ ಊರ ಹಿರಿಯ, ಅದು ಇದು ಎಂದು ಕೆಲವರಿಗೆ ಬೇರೆ ಪಾತ್ರಗಳನ್ನೂ ಕೊಟ್ಟ. ಆಟಗಾರರು ಒಳಸಂಚು, ಕಿವಿಮಾತು, ಚೌಕಾಸಿಗಳಲ್ಲಿ ಮುಳುಗಿ, ಏರ್ಪಾಡಾಗಿದ್ದ ಯುದ್ಧ ನಡೆಯಲೇ ಇಲ್ಲ. ವೆಸ್ಲಿ ತನ್ನ ಆಟ ಕೆಟ್ಟಿತು ಎಂದುಕೊಂಡ. ಗೆಳೆಯರು ಮಾತ್ರ ಇನ್ನೊಮ್ಮೆ ಆಡಿಸು ಎಂದು ಬೆನ್ನು ಬಿದ್ದರು. ಆ ಬಳಗದಲ್ಲಿದ್ದ ಆರ್ನೆಸನ್ ಅದೇ ಎಳೆ ಹಿಡಿದು ಮುಂದೆ ಹೋದ. ನಡೆಯದೇ ಹೋದ ಯುದ್ಧದಿಂದ ಹುಟ್ಟಿದ ಆಟಕ್ಕೆ ಈಗ ಪಲ್ಟಿಯ ಪಾಠ!

ಇನ್ನೊಂದು ಸಾಕ್ಷಿ ನಮ್ಮ ಕಾಲದ್ದೇ. ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ಕೆಲವು ಕಂಠದಾನ ಕಲಾವಿದರು 2015ರಿಂದ ಕ್ಯಾಮೆರಾ ಮುಂದೆ ಕೂತು ಈ ಆಟ ಆಡುತ್ತಾ ಬಂದರು. ಒಂದೊಂದು ಕೂಟ ಮೂರು ನಾಲ್ಕು ತಾಸು. ತೆರೆಯ ಮೇಲೆ ಕಾಣುವುದು ಕೂತ ಜನ, ದಾಳ, ಮಾತು. ಅದನ್ನು ಕೇಳಿ ಮರುಳಾದ ಅಭಿಮಾನಿಗಳು ಅದರ ದೃಶ್ಯಗಳನ್ನು ಚಿತ್ರ ಬರೆದು, ಚಲಿಸುವಂತೆ ಮಾಡಿ ಹಂಚಿದರು. 2019ರಲ್ಲಿ ಆ ಕಥೆಯನ್ನು ಅನಿಮೇಷನ್ ಮಾಡುತ್ತೇವೆಂದು ತಂಡ ಜನರ ಮುಂದೆ ಕೈಯೊಡ್ಡಿದ್ದು ಏಳೂವರೆ ಲಕ್ಷ ಡಾಲರಿಗೆ. ಕೂಡಿದ್ದು 1 ಕೋಟಿ 13 ಲಕ್ಷ ಡಾಲರಿಗೂ ಮೇಲೆ. 2022ರಲ್ಲಿ ‘ದಿ ಲೆಜೆಂಡ್ ಆಫ್ ವಾಕ್ಸ್ ಮಷಿನಾ’ ಬಂತು. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತು, ನೋಡಿ. ಟೇಬಲಿನ ಮಾತು ಅನಿಮೇಷನ್ನಿಗೆ ಸ್ಫೂರ್ತಿಯಾಯಿತು. ಅಭಿಮಾನಿಗಳು ಚಿತ್ರ ಬರೆಯಲು ಕೂತದ್ದು ಆ ಪಾತ್ರಗಳ ಮೇಲಿನ ಪ್ರೀತಿಗೆ. ಆ ಪ್ರೀತಿ ಹುಟ್ಟಿದ್ದು ತಾಸುಗಟ್ಟಲೆಯ ಮಾತಿನಿಂದ, ಹೆದರಿಕೆಯಿಂದ, ತಪ್ಪು ನಿರ್ಧಾರಗಳಿಂದ.

ಈಗ ನಮ್ಮ ನೆಲಕ್ಕೆ ಬರೋಣ. ಕಾಳಗವನ್ನು ಹೇಳುವ, ಕೆತ್ತುವ, ಹಾಡುವ ವಿದ್ಯೆಯಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಲ್ಲ. ಹಾವೇರಿ ಸೀಮೆಯಲ್ಲಿ ಹಳೆಯ ಗುಡಿಗಳ ಮಗ್ಗುಲಲ್ಲಿ ವೀರಗಲ್ಲು ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಹೋರಾಟಕ್ಕೆ ಸಿಕ್ಕಿರುವುದು ಒಂದೇ ಪಟ್ಟಿಕೆ, ಅದರಲ್ಲೂ ಒಂದೇ ಕ್ಷಣ. ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತ ವೀರನ ಕಲ್ಲಿನಲ್ಲಿ ಅನೇಕ ಕಡೆ ದನಗಳನ್ನೂ ಕೆತ್ತಿರುತ್ತಾರೆ. ಶಿಲ್ಪಿಗೆ ಜಾಗ ಕಮ್ಮಿ, ಆದರೂ ದನ ಬಿಡಲಿಲ್ಲ. ಕಾರಣವಿಲ್ಲದ ಕಾಳಗ ಬರೀ ಕೈಕಾಲಿನ ಗೊಂದಲ ಎಂದು ಅವನಿಗೆ ತಿಳಿದಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ತೆಗೆದುಕೊಳ್ಳಿ. ಕ್ರಿ.ಶ. 949–50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ನಾಯಿಗೂ ಒಂದು ಕಾಡುಹಂದಿಗೂ ನಡೆದ ಕಾದಾಟದ ಸ್ಮಾರಕ ಅದು, ಎರಡೂ ಸತ್ತವು. ಶಿಲ್ಪದಲ್ಲಿ ನಾಯಿ, ಹಂದಿ ಒಂದಕ್ಕೊಂದು ಮುಗಿಬಿದ್ದಿವೆ, ಅಷ್ಟೇ. ಶಾಸನ ಏನು ಹೇಳುತ್ತದೆ? ತಕ್ಕೋಲದ ಯುದ್ಧದಲ್ಲಿ ದೊರೆ ಬೂತುಗನ ಕಡೆ ಮಣಲೆರ ಎಂಬ ವೀರ ಪರಾಕ್ರಮ ತೋರಿದ್ದು, ದೊರೆ ಮೆಚ್ಚಿ ‘ಬೇಡಿಕೋ’ ಎಂದಾಗ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದದ್ದು, ಆ ನಾಯಿ ಸತ್ತ ಮೇಲೆ ಕಲ್ಲು ನೆಟ್ಟು ಅದರ ಪೂಜೆಗೆ ಭೂಮಿ ಬಿಟ್ಟದ್ದು. ನಾಯಿ ಹೇಗೆ ನೆಗೆಯಿತು, ಎಷ್ಟು ಸಲ ಕಚ್ಚಿತು ಎಂಬ ವರದಿ ಇಲ್ಲ. ಸಾವಿರ ವರ್ಷ ದಾಟಿಯೂ ನಮ್ಮ ಮನಸ್ಸು ಆ ನಾಯಿಯ ಮೇಲೆ ನಿಲ್ಲುತ್ತದೆ, ಏಕೆಂದರೆ ಅದು ಯಾರದ್ದು, ಏನು ಮಾಡಿ ಪಡೆದದ್ದು ಎಂಬುದು ನಮಗೆ ಗೊತ್ತಾಗಿದೆ.

ರನ್ನನ ‘ಗದಾಯುದ್ಧ’ವಂತೂ ಹೆಸರಿನಲ್ಲೇ ಕಾಳಗ ಹೊತ್ತ ಕಾವ್ಯ. ಆದರೆ ಆ ಗದೆಗಳು ಒಂದಕ್ಕೊಂದು ತಾಗಲು ಓದುಗ ಎಷ್ಟು ಹೊತ್ತು ಕಾಯಬೇಕು! ಹೆಣಗಳ ನಡುವೆ ಸಂಜಯನ ಜೊತೆ ದುರ್ಯೋಧನನ ಅಲೆದಾಟ, ಸತ್ತವರ ಮುಂದೆ ಒಬ್ಬೊಬ್ಬರನ್ನೇ ನೆನೆದು ಅವನ ಗೋಳು, ಹಿಂದಿನ ಭಾರತವನ್ನೆಲ್ಲ ತಿರುಗಿ ನೋಡುವ ಸಿಂಹಾವಲೋಕನ, ಭೀಮನ ಕುದಿತ, ಕೊಳದಲ್ಲಿ ಅಡಗಿದವನನ್ನು ಹೊರಗೆಳೆಯುವ ಬೈಗುಳ. ಭೀಮನ ಅಬ್ಬರಕ್ಕೆ ಕೊಳದ ತಳದಲ್ಲಿದ್ದವನ ಮೈಯಲ್ಲಿ ಬೆವರೊಡೆದದ್ದು ಕನ್ನಡ ಓದಿದವರಿಗೆಲ್ಲ ನೆನಪಿದೆ. ಗದೆ ಎಷ್ಟು ಸಲ ತಿರುಗಿತು ಎಂಬುದು ಯಾರಿಗೆ ನೆನಪಿದೆ? ಭಾರತದಲ್ಲಿ ಆ ದ್ವಂದ್ವ ಮುಗಿಯುವುದಾದರೂ ಒಂದು ನಿಯಮ ಮುರಿಯುವ ನಿರ್ಧಾರದಿಂದ. ನಾಭಿಯ ಕೆಳಗೆ ಹೊಡೆಯಬಾರದು ಎಂಬ ಗದೆಯ ಧರ್ಮ ಒಂದು ಕಡೆ, ತೊಡೆ ಮುರಿಯುತ್ತೇನೆಂದು ಸಭೆಯಲ್ಲಿ ಆಡಿದ ಪ್ರತಿಜ್ಞೆ ಇನ್ನೊಂದು ಕಡೆ. ಭೀಮ ಹೊಡೆದ. ಬಲರಾಮ ನೇಗಿಲೆತ್ತಿಕೊಂಡು ನಿಂತ. ಟೇಬಲಿನ ಕಾಳಗಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ನಿಯಮ, ಪ್ರತಿಜ್ಞೆ, ಆಯ್ಕೆ, ಅದರ ಬೆಲೆ, ಎಲ್ಲ ಒಂದೇ ಏಟಿನಲ್ಲಿ.

ಈ ಆಟಕ್ಕೆ ತೀರಾ ಹತ್ತಿರದ ಬಂಧು ನಮ್ಮಲ್ಲಿದ್ದರೆ ಅದು ಕರಾವಳಿಯ, ಕಾಸರಗೋಡಿನ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಕಲಾವಿದರು ಕೂತೇ ಪಾತ್ರವಾಗುತ್ತಾರೆ. ಕಥೆಯ ಹಂದರ ಗೊತ್ತಿರುತ್ತದೆ, ಭಾಗವತರ ಪದ ಇರುತ್ತದೆ, ಉಳಿದ ಮಾತೆಲ್ಲ ಆಗಿಂದಾಗಲೇ ಹುಟ್ಟಬೇಕು, ಎದುರಿನವನು ಏನು ಕೇಳುತ್ತಾನೋ ಮೊದಲೇ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ದೇರಾಜೆ ಸೀತಾರಾಮಯ್ಯನವರು ಹೆಸರು ಮಾಡಿದ್ದು ಹೀಗೆ ಕೂತ ಜಾಗದಲ್ಲೇ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗುವುದು ಒಂದು ಗಳಿಗೆಯ ಕೆಲಸ. ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಿಗಾಗಿ ಜನ ರಾತ್ರಿ ಕಾದಿರುತ್ತಾರೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ? ಕಾಳಗ ಮುಗಿದ ಮೇಲೂ ಕಾಳಗ ನಡೆದಿದೆ.

ನಮ್ಮ ಬಯಲುಸೀಮೆಯಲ್ಲಿ ತಾಳಮದ್ದಲೆ ಇಲ್ಲ, ದೊಡ್ಡಾಟ ಇದೆ. ಅಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಾಜ ಅಟ್ಟದ ಮೇಲೆ ದಡದಡ ಹೆಜ್ಜೆ ಹಾಕಿ ಬರುತ್ತಾನೆ. ಬಂದವನನ್ನು ಸಾರಥಿ ಸುಮ್ಮನೆ ಬಿಡುವುದಿಲ್ಲ. ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳಿಯೇ ಕೇಳುತ್ತಾನೆ. ಉತ್ತರ ಹೇಳಿದ ಮೇಲೆಯೇ ಯುದ್ಧ. ‘ದೊಡ್ಡಾಟದಲ್ಲೂ ಯಕ್ಷಗಾನದಲ್ಲೂ ಕುಣಿತ, ದಿಗಿಣ ಇಲ್ಲವೇ?’ ಎಂದು ಯಾರಾದರೂ ಕೇಳಬಹುದು. ಇದೆ, ಏಕೆಂದರೆ ಅಲ್ಲಿ ಮೈ ಇದೆ. ನೋಡುವವನ ಮುಂದೆ ಬೆವರುವ ಒಂದು ದೇಹ ಸುತ್ತುತ್ತಿದೆ, ಮದ್ದಲೆ ಅದನ್ನು ಹೊತ್ತುಕೊಂಡಿದೆ. ಟೇಬಲಿನ ಮುಂದೆ ಕೂತವನ ಮೈ ಕುರ್ಚಿಯಲ್ಲಿದೆ. ದೊಡ್ಡಾಟದಿಂದ ಅವನು ಕಲಿಯಬೇಕಾದದ್ದು ಸಾರಥಿಯ ಪ್ರಶ್ನೆಯನ್ನು.

ಸರದಿಯ ವಿದ್ಯೆಯೂ ಇಲ್ಲೇ ಇದೆ. ಗೀಗೀ ಮೇಳದಲ್ಲಿ ಹರದೇಸಿ, ನಾಗೇಸಿ ಎಂದು ಎರಡು ಪಕ್ಷ. ಒಬ್ಬರು ಗಂಡಿನ ಕಡೆ ಹಿಡಿದರೆ ಇನ್ನೊಬ್ಬರು ಹೆಣ್ಣಿನ ಕಡೆ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಜವಾಬು ಕೊಡಬೇಕು. ಹಿಂದಿನ ಸವಾಲಿಗೆ ಉತ್ತರಿಸದೆ ತನ್ನದೇ ಚಂದದ ಪದ ಹಾಡಿದವನನ್ನು ಜನ ಒಪ್ಪುವುದಿಲ್ಲ. ಟೇಬಲಿನಲ್ಲಿ ಆಗುತ್ತಿರುವ ಅನಾಹುತವೇ ಇದು. ಪ್ರತಿಯೊಬ್ಬನೂ ತನ್ನ ಸರದಿಗೆ ತಾನು ವಿಡಿಯೊದಲ್ಲಿ ಕಂಡ ಪಟ್ಟನ್ನು ಪ್ರದರ್ಶಿಸಿ ಕೂರುತ್ತಾನೆ. ಹಿಂದಿನವನು ಮಾಡಿದ್ದಕ್ಕೆ ಇವನದು ಜವಾಬಲ್ಲ, ಮುಂದಿನವನಿಗೆ ಇವನು ಸವಾಲು ಬಿಡುವುದೂ ಇಲ್ಲ.

ಗೇಮ್ ಮಾಸ್ಟರ್ ಎಷ್ಟು ಮಾತಾಡಬೇಕು ಎಂಬುದಕ್ಕೂ ಮಾದರಿ ಮಗ್ಗುಲಲ್ಲೇ ಇದೆ. ನಮ್ಮದೇ ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶನ ಕಾರಣಿಕ ಆಗುತ್ತದೆ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ನೆರೆದ ಜನಸಾಗರ ಗಪ್‌ಚಿಪ್. ಆಮೇಲೆ ಒಂದೇ ಸಾಲಿನ ನುಡಿ. ಮಳೆಗೋ ಬೆಳೆಗೋ ರಾಜಕೀಯಕ್ಕೋ ಎಂದು ವರ್ಷವಿಡೀ ಅದರ ಅರ್ಥ ಬಿಡಿಸುತ್ತಾರೆ. ದಾಳ ನಿಂತ ಮೇಲೆ ಗೇಮ್ ಮಾಸ್ಟರ್ ಹೇಳಬೇಕಾದದ್ದೂ ಅಂಥ ಒಂದು ಸಾಲು, ಮುಂದಿನ ನಡೆಯನ್ನು ಬದಲಿಸುವ ಸಾಲು. ಅವನು ಇಡೀ ಪುಟ ಒದರಿದರೆ ಕೇಳುವವರ ಪಾಲಿಗೆ ಅರ್ಥ ಬಿಡಿಸಲು ಏನೂ ಉಳಿಯುವುದಿಲ್ಲ.

ಅಭಿಮಾನಿಗಳ ವಿಡಿಯೊ ಎಂಬುದು ಹಾವೇರಿಗೆ ಹೊಸದೇನಲ್ಲ. ದೀಪಾವಳಿ ಮುಗಿದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಹೊತ್ತ ಹೋರಿ ಜನರ ನಡುವೆ ನುಗ್ಗುತ್ತದೆ, ಹುಡುಗರು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ. ಒಂದೊಂದು ಹೋರಿಗೂ ಹೆಸರು, ಅಭಿಮಾನಿ ಬಳಗ, ಡಿಜೆ ಹಾಡು ಕೂಡಿಸಿ ನಿಧಾನಗತಿಯಲ್ಲಿ ತೋರಿಸುವ ರೀಲ್ಸ್. ರೀಲ್ಸಿನಲ್ಲಿ ಕಾಣುವುದು ಹೋರಿಯ ನೆಗೆತ. ಅಖಾಡದಲ್ಲಿ ನಿಂತವನಿಗೆ ಕಾಣುವುದೇ ಬೇರೆ: ಹೋರಿ ಯಾವ ಕಡೆ ತಿರುಗುತ್ತದೆ, ನನ್ನ ಮುಂದಿನವನು ಹಿಂದೆ ಸರಿಯುತ್ತಾನೋ ಇಲ್ಲವೋ, ಕೈ ಹಾಕಿದರೆ ಕೊಂಬು ತಾಗುತ್ತದೋ ಕೊಬ್ಬರಿ ಸಿಗುತ್ತದೋ. ವರ್ಷವಿಡೀ ಹುರುಳಿ, ಹಿಂಡಿ ಹಾಕಿ ಸಾಕಿದ ಮಾಲೀಕನಿಗೆ ಅಲ್ಲಿ ಮಾನದ ಪ್ರಶ್ನೆ. ರೀಲ್ಸ್ ನೋಡಿ ಹೋರಿ ಹಿಡಿಯುವುದನ್ನು ಕಲಿತೆ ಎನ್ನುವವನನ್ನು ನಮ್ಮೂರಲ್ಲಿ ಯಾರೂ ಅಖಾಡಕ್ಕೆ ಬಿಡುವುದಿಲ್ಲ. ಫೈಟ್ ವಿಡಿಯೊ ನೋಡಿ ಕಾಳಗ ಆಡಿಸಲು ಕಲಿತೆ ಎನ್ನುವವನಿಗೆ ಮಾತ್ರ ಯಾಕೆ ಚಪ್ಪಾಳೆ?

ಎದುರುಪಕ್ಷದ ಕೈಯಲ್ಲಿ ಇನ್ನೂ ಒಂದು ಬಾಣವಿದೆ. ವರ್ಣನೆಗೆ ಬೆಲೆ ಕೊಡುವ ಆಟಗಳೇ ಇವೆಯಲ್ಲ ಎನ್ನುತ್ತಾರೆ. ಇವೆ. ಹಾಂಗ್‌ಕಾಂಗ್ ಆ್ಯಕ್ಷನ್ ಸಿನಿಮಾಗಳ ಮೇಲೆ ಕಟ್ಟಿದ ‘ಫೆಂಗ್ ಶುಯಿ’ 1996ರಲ್ಲಿ ಬಂತು. 2001ರ ‘ಎಕ್ಸಾಲ್ಟೆಡ್’ನಲ್ಲಿ ಸಾಹಸವನ್ನು ಚೆನ್ನಾಗಿ ಬಣ್ಣಿಸಿದವನಿಗೆ ಹೆಚ್ಚುವರಿ ದಾಳ ಸಿಗುತ್ತದೆ. ಅವು ನನ್ನ ವಾದವನ್ನೇ ಗಟ್ಟಿಮಾಡುತ್ತವೆ. ಅಲ್ಲಿ ಬಣ್ಣನೆಗೆ ನಿಯಮದೊಳಗೇ ಪರಿಣಾಮವಿದೆ. ಕಟ್ಟಿದವರು ಮೊದಲೇ ಯೋಚಿಸಿ ನಿಯಮದಲ್ಲಿ ಜಾಗ ಮಾಡಿದ್ದಾರೆ. ಹಾಗೆ ಜಾಗವಿಲ್ಲದ ಆಟಕ್ಕೆ ಹೊರಗಿನಿಂದ ಚಮಕು ಅಂಟಿಸುವುದು ಬೇರೆ ಮಾತು. ಅಲ್ಲದೆ ಹೆಚ್ಚುವರಿ ದಾಳ ಕೊಡುವ ಆಟದಲ್ಲೂ ಯಾತಕ್ಕಾಗಿ ಹೊಡೆದಾಟ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ನಾಲ್ಕನೆಯ ಪಲ್ಟಿಗೆ ಆಕಳಿಕೆ ಬರುತ್ತದೆ.

ಅಭಿಮಾನಿಗಳ ಅನಿಮೇಷನ್ನಿನಲ್ಲೇ ಬುದ್ಧಿ ಹೇಳುವ ಒಂದು ಕೃತಿ ಇದೆ. ಸ್ಯಾಮಾ ಪೆಡರ್ಸನ್ ಹೆಚ್ಚುಕಮ್ಮಿ ಒಬ್ಬನೇ ಮಾಡಿ 2018ರಿಂದ 2020ರವರೆಗೆ ಐದು ಕಂತುಗಳಲ್ಲಿ ಬಿಟ್ಟ ‘ಅಸ್ಟಾರ್ಟೀಸ್’. ‘ವಾರ್‌ಹ್ಯಾಮರ್ 40,000’ ಎಂಬ ಟೇಬಲ್ ಆಟದ ಜಗತ್ತಿನಿಂದ ಹುಟ್ಟಿದ್ದು. ಅದರ ಯೋಧರು ಕುಣಿಯುವುದಿಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಿಮೆ. ತೂಕದ ಹೆಜ್ಜೆ, ಬೇಕಾದಷ್ಟೇ ಏಟು, ಒಬ್ಬನ ಬೆನ್ನಿಗೆ ಇನ್ನೊಬ್ಬ. ಸ್ಫೂರ್ತಿ ಬೇಕೇ ಬೇಕೆನ್ನುವವರು ಇದನ್ನಾದರೂ ಸರಿಯಾಗಿ ನೋಡಲಿ. ಅದರಿಂದ ಸಿಗುವ ಪಾಠ ಮಿತದ್ದು, ಚಮಕಿನದಲ್ಲ.

ಹಾಗಾದರೆ ಸಪ್ಪೆ ಕಾಳಗಕ್ಕೆ ಮದ್ದೇನು? ಒಂದು ಸನ್ನಿವೇಶವನ್ನೇ ಇಡುತ್ತೇನೆ, ಬೇಕಾದವರು ಆಡಿ ನೋಡಲಿ. ಶ್ರಾವಣದ ರಾತ್ರಿ, ತುಂಗಭದ್ರೆ ತುಂಬಿದೆ. ದಂಡೆಯ ಕುರಿಹಟ್ಟಿಗೆ ಕಳ್ಳರು ನುಗ್ಗಿ ಕುರಿಗಳನ್ನು ಹರಿಗೋಲಿಗೆ ಏರಿಸುತ್ತಿದ್ದಾರೆ. ಅವರಿಗೆ ಬೇಕಾದದ್ದು ಕುರಿ, ಜೀವವಲ್ಲ. ಇಬ್ಬರು ಬಿದ್ದರೆ ಉಳಿದವರು ಓಡುತ್ತಾರೆ. ಕಾಯುತ್ತಿದ್ದ ಹುಡುಗ ಏಟು ತಿಂದು ನೀರಿನಂಚಿಗೆ ಬಿದ್ದಿದ್ದಾನೆ. ಪ್ರತಿ ಸುತ್ತಿಗೂ ನೀರು ಒಂದು ಮೆಟ್ಟಿಲು ಏರುತ್ತದೆ. ಹರಿಗೋಲಿನ ಹಗ್ಗ ಕಡಿದರೆ ಕಳ್ಳರು ಹೋಗುತ್ತಾ ಕುರಿಗಳನ್ನೂ ಒಯ್ಯುತ್ತಾರೆ. ಹರಿಗೋಲು ಮಧ್ಯದ ಸುಳಿಗೆ ಸಿಕ್ಕರೆ ಕಳ್ಳರೂ ಉಳಿಯುವುದಿಲ್ಲ, ಕುರಿಗಳೂ ಉಳಿಯುವುದಿಲ್ಲ. ಪಂಜಿನ ಬೆಳಕಿಗೆ ಕಳ್ಳರ ಮುಂದಾಳಿನ ಮುಖ ಕಾಣುತ್ತದೆ. ಆಟಗಾರರಲ್ಲಿ ಒಬ್ಬಳಿಗೆ ಅವನು ಸೋದರಮಾವ.

ಇಲ್ಲಿ ಯಾರಾದರೂ ಗಾಳಿಯಲ್ಲಿ ಪಲ್ಟಿ ಹೊಡೆಯುವ ಅಗತ್ಯ ಇದೆಯೇ? ‘ಹೊಡೆದೆ, ಏಳು ಪೆಟ್ಟು’ ಎಂದು ಬೋಳಾಗಿ ಹೇಳಿದರೂ ಆ ಏಳು ಪೆಟ್ಟಿಗೆ ತೂಕ ಬಂದಿದೆ, ಏಕೆಂದರೆ ಅದು ಮಾವನ ಮೇಲೆ ಬಿದ್ದಿದೆ, ಮತ್ತು ಅದೇ ಹೊತ್ತಿಗೆ ಹುಡುಗನ ಎದೆಮಟ್ಟಕ್ಕೆ ನೀರು ಬಂದಿದೆ. ಕಾಳಗಕ್ಕೆ ಮುಂಚೆ ಗೇಮ್ ಮಾಸ್ಟರ್ ಸಾರಥಿಯ ಪ್ರಶ್ನೆಗಳನ್ನು ಎದುರಾಳಿಯ ಪರವಾಗಿ ತನಗೇ ಕೇಳಿಕೊಳ್ಳಲಿ: ಇವನು ಯಾರು, ಯಾಕೆ ಬಂದ, ಏನು ಸಿಕ್ಕರೆ ವಾಪಸ್ ಹೋಗುತ್ತಾನೆ? ಮೂರನೆಯದನ್ನು ಕೇಳದ ಕಾರಣವೇ ನಮ್ಮ ಆಟಗಳಲ್ಲಿ ಶತ್ರುಗಳೆಲ್ಲ ಕೊನೆಯ ಉಸಿರಿನವರೆಗೆ ಮೂಢರಂತೆ ಬಡಿದಾಡಿ ಸಾಯುತ್ತಾರೆ, ಆಟ ಲೆಕ್ಕಪತ್ರವಾಗುತ್ತದೆ. ಓಡಿಹೋಗುವ, ಸೋಲೊಪ್ಪುವ, ಚೌಕಾಸಿ ಮಾಡುವ ಎದುರಾಳಿ ಬಂದ ದಿನ ಬೇಸರ ತಾನೇ ಬಿಟ್ಟು ಹೋಗುತ್ತದೆ. ನೆಲಕ್ಕೂ ಒಂದು ಕೆಲಸ ಕೊಡಿ. ಏರುವ ನೀರು, ಬೆಂಕಿ ಹತ್ತುವ ಬಣವೆ, ಬೆದರಿ ಓಡುವ ದನ. ಆಗ ಪ್ರತಿ ಸುತ್ತೂ ಹಿಂದಿನದರ ಹಾಗಿರುವುದಿಲ್ಲ.

ವಿಡಿಯೊ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ರಾತ್ರಿಯೆಲ್ಲ ನೋಡಿ, ಕೈ ತಟ್ಟಿ, ಸಾಧ್ಯವಾದರೆ ನೀವೇ ಒಂದು ಮಾಡಿ. ಆದರೆ ಆಟಕ್ಕೆ ಕೂರುವಾಗ ಅದನ್ನು ಹೊರಗಿಡಿ. ಮುಂದಿನ ಸಲ ನಿಮ್ಮ ಗೇಮ್ ಮಾಸ್ಟರ್ ‘ಈ ಫೈಟ್ ಸೂಪರ್ ಇರ್ತದ, ಒಂದು ವಿಡಿಯೊ ನೋಡೀನಿ’ ಎಂದರೆ, ‘ಅದೆಲ್ಲ ಇರಲಿ ಮಾರಾಯ, ಇವ್ರು ಯಾಕ ಬಡಿದಾಡಾಕ ಹತ್ಯಾರ, ಅದನ್ನ ಮೊದಲ ಹೇಳು’ ಎಂದು ಕೇಳಿ. ಉತ್ತರ ಇದ್ದರೆ ದಾಳ ಎತ್ತಿಕೊಳ್ಳಿ. ಇಲ್ಲದಿದ್ದರೆ ಅವನು ಉತ್ತರ ಹುಡುಕುವವರೆಗೆ ದಾಳ ಚೀಲದಲ್ಲೇ ಇರಲಿ.